ಮೋಡದ ಕಾಡಿನಲ್ಲಿ ಬೆಚ್ಚಗಿರುವುದು ಹೇಗೆ

ಮಳೆಗಾಲದ ತೀರ್ಥಹಳ್ಳಿಯಲ್ಲೋ ಮಡಿಕೇರಿಯಲ್ಲೋ ಬಟ್ಟೆ ಒಣಗಿಸಲು ಪಾಡುಪಟ್ಟವರಿಗೆ ಕೋಸ್ಟರಿಕಾದ ಮೊಂಟೆವೆರ್ಡೆಯಲ್ಲಿ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚಿಲ್ಲ. ಉಳಿದವರಿಗೆ ಇದೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರು ಮಕ್ಕಳ ರಜೆ ಬಂತೆಂದರೆ ಕೋಸ್ಟರಿಕಾ ಕಡೆ ಮುಖ ಮಾಡುವುದುಂಟು. ಊರಿನಿಂದ ಹೋದ ಅಪ್ಪ ಅಮ್ಮಂದಿರೂ ಜೊತೆಗಿರುತ್ತಾರೆ. ಕಡಲತೀರ, ಜ್ವಾಲಾಮುಖಿ, ಬಿಸಿನೀರ ಬುಗ್ಗೆ ಎಲ್ಲ ಮುಗಿಸಿ, ಪಟ್ಟಿಯ ಕೊನೆಯಲ್ಲಿ ಎಲ್ಲೋ ಒಂದು ಕಡೆ ‘ಮೋಡದ ಕಾಡು, ಒಂದು ರಾತ್ರಿ’ ಎಂದು ಬರೆದುಕೊಂಡಿರುತ್ತಾರೆ. ಹೋಗಿ ಬಂದ ಮೇಲೆ ಹೇಳುವ ದೂರು ಒಂದೇ: ಚಳಿ, ಒದ್ದೆ, ಮಂಜು ಮುಸುಕಿ ಏನೂ ಕಾಣಲಿಲ್ಲ. ದೂರು ಸುಳ್ಳಲ್ಲ. ಆದರೆ ಅದರಲ್ಲಿ ಬಹುಪಾಲು ಕೋಣೆ ಕಾಯ್ದಿರಿಸುವ ದಿನವೇ ತಪ್ಪಿಸಬಹುದಾಗಿದ್ದದ್ದು.

ಆ ಮೋಡ ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಈಶಾನ್ಯ ದಿಕ್ಕಿನಿಂದ ಬೀಸುವ ವಾಣಿಜ್ಯ ಮಾರುತ ಕೆರಿಬಿಯನ್ ಸಮುದ್ರದ ತೇವ ಹೊತ್ತು ಬರುತ್ತದೆ. ತಿಲರಾನ್ ಬೆಟ್ಟಸಾಲು ಅಡ್ಡ ನಿಂತಿದೆ. ಗಾಳಿ ಬೆಟ್ಟ ಹತ್ತಬೇಕು, ಹತ್ತುತ್ತ ತಣ್ಣಗಾಗಬೇಕು, ತಣ್ಣಗಾದರೆ ಮೋಡ. ಬೆಟ್ಟದ ನೆತ್ತಿಯೇ ಖಂಡದ ಜಲವಿಭಾಜಕ: ಈಚೆ ಬಿದ್ದ ಹನಿ ಪೆಸಿಫಿಕ್ ಸೇರುತ್ತದೆ, ಆಚೆ ಬಿದ್ದದ್ದು ಕೆರಿಬಿಯನ್ನಿಗೆ ವಾಪಸ್ಸು ಹೋಗುತ್ತದೆ. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿಗೆ ಮಾಡುವುದೂ ಇದನ್ನೇ. ನಮ್ಮಲ್ಲಿ ಅದು ಮುಂಗಾರಿನ ನಾಲ್ಕು ತಿಂಗಳ ಮಾತು, ಅಲ್ಲಿ ಹೆಚ್ಚೂಕಡಿಮೆ ವರ್ಷವಿಡೀ. ಕುದುರೆಮುಖದ, ಬಾಬಾಬುಡನ್‌ಗಿರಿಯ ಕಣಿವೆಗಳಲ್ಲಿ ಅಡಗಿರುವ ಶೋಲಾ ಕಾಡುಗಳನ್ನು ನೋಡಿದವರಿಗೆ ಮೊಂಟೆವೆರ್ಡೆಯ ಮರಗಳ ಚಹರೆ ಗುರುತು ಸಿಗುತ್ತದೆ: ಗಿಡ್ಡ, ತಿರುಚಿದ ಕೊಂಬೆಗಳು, ಮೈತುಂಬ ಪಾಚಿ. ಕೊಂಬೆಯ ಮೇಲೆ ಜರಿಗಿಡ, ಅದರ ಪಕ್ಕ ನಮ್ಮ ಸೀತಾಳೆದಂಡೆಯ ದೂರದ ಬಂಧುಗಳು. ಈ ಪ್ರದೇಶವೊಂದರಲ್ಲೇ ನಾನೂರಕ್ಕೂ ಹೆಚ್ಚು ಬಗೆಯ ಆರ್ಕಿಡ್‌ಗಳಿವೆ. ಹಲವು ಉಗುರಿಗಿಂತ ಚಿಕ್ಕವು, ತೋರಿಸುವವರಿಲ್ಲದೆ ಕಾಣುವುದಿಲ್ಲ. ಗಾಳಿಯಲ್ಲಿ ತೇಲಿಬಂದ ಮೋಡವನ್ನು ಈ ಪಾಚಿ ಕಾಫಿ ಸೋಸುವ ಬಟ್ಟೆಯ ಹಾಗೆ ಹಿಡಿದು ಹನಿಸುತ್ತದೆ. ಒಂದು ಹನಿ ಮಳೆ ಬೀಳದ ದಿನವೂ ಕಾಡಿನೊಳಗೆ ತಟಪಟ ಸದ್ದು ನಿಲ್ಲದಿರುವುದು ಇದರಿಂದ.

ಹೀಗಾಗಿ ವಸತಿ ಹುಡುಕುವಾಗ ನಕ್ಷತ್ರ ಎಣಿಸಬೇಡಿ, ಎತ್ತರ ಕೇಳಿ. ಪೇಟೆ ಸಾಂತಾ ಎಲೆನಾ. ಸುಮಾರು 1,300ರಿಂದ 1,400 ಮೀಟರ್ ಎತ್ತರದಲ್ಲಿ, ಬೆಟ್ಟದ ಪೆಸಿಫಿಕ್ ಮಗ್ಗುಲಿನಲ್ಲಿದೆ. ನೆತ್ತಿ ದಾಟಿ ಇಳಿಯುವ ಗಾಳಿ ಬೆಚ್ಚಗಾಗುತ್ತ ಮೋಡ ಕರಗಿಸಿಕೊಳ್ಳುವುದರಿಂದ ಇಲ್ಲಿ ಬಿಸಿಲು ಕಾಣುತ್ತದೆ. ಸುಮಾರು ಆರು ಕಿಲೋಮೀಟರ್ ಆಚೆ, 1,500 ಮೀಟರಿಗೂ ಮೇಲೆ, ಮೊಂಟೆವೆರ್ಡೆ ಮೀಸಲು ಅರಣ್ಯದ ಬಾಗಿಲು. ಪೇಟೆಯಲ್ಲಿ ಬಟ್ಟೆ ಒಣಗುತ್ತಿರುವ ಹೊತ್ತಿಗೇ ಅಲ್ಲಿ ಮೂವತ್ತು ಅಡಿ ದೂರದ ಮರ ಕಾಣಿಸದೇ ಇರಬಹುದು. ವಯಸ್ಸಾದವರು, ಕೀಲುನೋವಿನವರು, ಉಬ್ಬಸದವರು, ಪುಟ್ಟ ಮಕ್ಕಳು ಜೊತೆಗಿದ್ದರೆ ಪೇಟೆಯಲ್ಲಿ ಅಥವಾ ಅದಕ್ಕಂಟಿದ ಸೆರ್ರೋ ಪ್ಲಾನೋದಲ್ಲಿ ಉಳಿದು, ಬೆಳಗ್ಗೆ ಕಾಡಿಗೆ ಹತ್ತಿ ಬರುವುದೇ ಸರಿ. ಹಕ್ಕಿ ನೋಡಲೆಂದೇ ಹೋಗುವವರು ಮೇಲೆಯೇ ಇರಲಿ. ಮೀಸಲು ಅರಣ್ಯದ ಬಾಗಿಲಲ್ಲೇ ಲಾ ಕಸೋನಾ ಎಂಬ ಸರಳ ವಸತಿಗೃಹವಿದೆ. ಅಲ್ಲಿ ಕಿಟಕಿ ತೆಗೆದರೆ ಕಾಡು.

ಇನ್ನೂ ಒಳಗೆ ಹೋಗುವ ಆಸೆಯಿದ್ದರೆ ಕೆರಿಬಿಯನ್ ಮಗ್ಗುಲಿಗೆ ಇಳಿದ ಸಾನ್ ಹೆರಾರ್ಡೋ ಕ್ಷೇತ್ರ ಕೇಂದ್ರವಿದೆ. ಪೇಟೆಯ ಹೆಸರಿನದೇ ಇನ್ನೊಂದು ಮೀಸಲು ಅರಣ್ಯವಾದ ಸಾಂತಾ ಎಲೆನಾ ಕಾಡಿನ ಅಂಚಿನಿಂದ ಮೂರು ಮೂರೂವರೆ ಕಿಲೋಮೀಟರ್ ಕೆಸರುದಾರಿ ನಡೆದರೆ ಅಟ್ಟಣಿಗೆ ಮಂಚ, ಬಿಸಿ ಊಟ, ಮೋಡ ಸರಿದರೆ ಎದುರಿಗೆ ಅರೆನಾಲ್ ಜ್ವಾಲಾಮುಖಿ. ಸುಖ ಎಂದರೆ ನೆಲಹಾಸು, ಸ್ನಾನದ ತೊಟ್ಟಿ ಎಂದುಕೊಂಡವರಿಗೆ ಹೇಳಿದ ಜಾಗವಲ್ಲ. ಹಿಂದಿರುಗುವಾಗ ಅದೇ ದಾರಿ ಏರು ಎಂಬುದೂ ನೆನಪಿರಲಿ.

ಕೋಣೆಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಜಾಹೀರಾತಿನ ಚಿತ್ರದಲ್ಲಿ ಇರುವುದಿಲ್ಲ. ಒದ್ದೆ ಬಟ್ಟೆ, ಬೂಟು ಒಣಗಿಸಲು ಜಾಗವಿದೆಯೇ? ಹೊದಿಕೆ ಎಷ್ಟು? ಕೋಣೆ ಬೆಚ್ಚಗಾಗಿಸುವ ವ್ಯವಸ್ಥೆ ಇದೆಯೇ? ದಾರಿಯಿಂದ ಕೋಣೆಗೆ ಎಷ್ಟು ಮೆಟ್ಟಿಲು? ರಾತ್ರಿ ಉಷ್ಣಾಂಶ 13–14 ಡಿಗ್ರಿಗೆ ಇಳಿಯುತ್ತದೆ. ಸಂಖ್ಯೆ ನೋಡಿದರೆ ಬೆಂಗಳೂರಿನ ಜನವರಿಯಷ್ಟೇ. ಆದರೆ ತೇವ ತುಂಬಿದ ಗಾಳಿಯಲ್ಲಿ, ಹಲಗೆ ಗೋಡೆಯ ಕೋಣೆಯಲ್ಲಿ ಆ ಹದಿನಾಲ್ಕು ಮೂಳೆಗೆ ಇಳಿಯುತ್ತದೆ. ಅಗ್ಗದ ವಸತಿಗಳಲ್ಲಿ ಸ್ನಾನದ ನೀರು ಕಾಯುವುದು ಷವರಿನ ತಲೆಗೇ ಕಟ್ಟಿದ ವಿದ್ಯುತ್ ಡಬ್ಬಿಯಲ್ಲಿ. ನಲ್ಲಿ ಪೂರ್ತಿ ತಿರುಗಿಸಿದರೆ ನೀರು ತಣ್ಣಗೆ ಬರುತ್ತದೆ, ಸಣ್ಣಗೆ ಬಿಟ್ಟರೆ ಬಿಸಿ. ಇದು ತಿಳಿಯದೆ ಮೂರು ದಿನ ತಣ್ಣೀರು ಮಿಂದು ಶೀತ ಹಿಡಿಸಿಕೊಂಡು ವಸತಿಗೃಹಕ್ಕೆ ಶಾಪ ಹಾಕುವವರಿದ್ದಾರೆ. ಮೊದಲ ದಿನವೇ ಕೇಳಿಬಿಡಿ. ಡಬ್ಬಿಯನ್ನು ಒದ್ದೆ ಕೈಯಲ್ಲಿ ಮುಟ್ಟಬೇಡಿ. ಶೌಚಾಲಯದ ಕಾಗದವನ್ನು ಬಹುತೇಕ ಕಡೆ ಬುಟ್ಟಿಗೆ ಹಾಕಬೇಕು, ಕೊಳವೆಗಲ್ಲ. ಒಂದು ಪ್ಲಾಸ್ಟಿಕ್ ತಂಬಿಗೆ ಒಯ್ದರೆ ಹಿರಿಯರು ನಿಮ್ಮನ್ನು ಹರಸುತ್ತಾರೆ.

ಯಾವಾಗ ಹೋಗಬೇಕು ಎನ್ನುವುದಕ್ಕೆ ಎಲ್ಲರೂ ಕೊಡುವ ಉತ್ತರ ಡಿಸೆಂಬರಿನಿಂದ ಏಪ್ರಿಲ್, ಒಣಗಾಲ ಎಂದು. ಕಡಲತೀರಕ್ಕೆ ಆ ಮಾತು ಸರಿ. ಬೆಟ್ಟದ ಮೇಲೆ ಡಿಸೆಂಬರ್, ಜನವರಿಯಲ್ಲಿ ವಾಣಿಜ್ಯ ಮಾರುತ ಜೋರಾಗಿರುತ್ತದೆ. ಮೋಡ ಅಡ್ಡಡ್ಡ ಬೀಸುತ್ತದೆ, ಛತ್ರಿ ಮೊದಲ ದಿನವೇ ಮುರಿದು ಕೈಗೆ ಬರುತ್ತದೆ. ಕ್ರಿಸ್‌ಮಸ್ ಜನಜಂಗುಳಿ, ದುಪ್ಪಟ್ಟು ಬಾಡಿಗೆ ಬೇರೆ. ಫೆಬ್ರವರಿ ಕೊನೆಯಿಂದ ಗಾಳಿ ತಗ್ಗುತ್ತ ಬರುತ್ತದೆ. ಮಾರ್ಚ್, ಏಪ್ರಿಲ್ ನನ್ನ ಆಯ್ಕೆ, ಈಸ್ಟರ್ ವಾರವೊಂದನ್ನು ಬಿಟ್ಟು. ಆ ವಾರ ಕೋಸ್ಟರಿಕಾದವರೇ ರಜೆಗೆ ಹೊರಟಿರುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್ ಘೋರ ಮಳೆ. ಅಮೆರಿಕದ ಶಾಲೆಗಳ ಬೇಸಿಗೆ ರಜೆ ಬೀಳುವುದು ಮಳೆಗಾಲದ ನಡುವೆಯೇ, ಆದರೆ ಹೆದರಬೇಕಾಗಿಲ್ಲ. ಜೂನ್, ಜುಲೈನಲ್ಲಿ ಸಾಮಾನ್ಯವಾಗಿ ಬೆಳಗು ತಿಳಿಯಾಗಿದ್ದು ಮಳೆ ಮಧ್ಯಾಹ್ನಕ್ಕೆ ಹಿಡಿಯುತ್ತದೆ. ಜುಲೈನಲ್ಲಿ ಕೆಲವು ದಿನ ಮಳೆ ಬಿಡುವು ಕೊಡುವುದೂ ಉಂಟು. ಬೆಳಗ್ಗೆ ಐದೂವರೆಗೆ ಏಳುವವರಿಗೆ ಮಳೆಗಾಲದ ದಿನವೂ ಅರ್ಧ ಒಣದಿನ. ಒಂಬತ್ತಕ್ಕೆ ಏಳುವವರಿಗೆ ಯಾವ ಕಾಲವೂ ಒಳ್ಳೆಯದಲ್ಲ.

ಮಾರ್ಚ್ ಎನ್ನಲು ಇನ್ನೊಂದು ಕಾರಣ ಕ್ವೆಟ್ಜಾಲ್. ಮೈ ಪಚ್ಚೆ, ಎದೆ ಕೆಂಪು, ಗಂಡಿಗೆ ದೇಹಕ್ಕಿಂತ ಉದ್ದವಾದ ಬಾಲದ ಗರಿ. ಮಾಯಾ ಜನ ಪೂಜ್ಯವೆಂದುಕೊಂಡಿದ್ದ ಹಕ್ಕಿ. ಗ್ವಾಟೆಮಾಲಾದ ನಾಣ್ಯಕ್ಕೂ ಇದರದೇ ಹೆಸರು. ಕಾಡು ಬೆಣ್ಣೆಹಣ್ಣಿನ ಜಾತಿಯ ಮರಗಳನ್ನು ನಂಬಿ ಬದುಕುತ್ತದೆ: ಸಣ್ಣ ಹಣ್ಣನ್ನು ಇಡಿಯಾಗಿ ನುಂಗಿ, ತಿರುಳು ಕರಗಿಸಿಕೊಂಡು, ಬೀಜವನ್ನು ಬೇರೆಲ್ಲೋ ಉಗುಳುತ್ತದೆ. ಮಾರ್ಚಿನಿಂದ ಜೂನ್‌ವರೆಗೆ ಗೂಡಿನ ಕಾಲವಾದ್ದರಿಂದ ಒಂದೇ ಮರಕ್ಕೆ ಮತ್ತೆಮತ್ತೆ ಬರುತ್ತದೆ, ನೋಡಲು ಸಿಗುತ್ತದೆ. ಮರಿ ಹಾರಿದ ಮೇಲೆ ಹಣ್ಣು ಹುಡುಕುತ್ತ ಇಳಿಜಾರಿನ ಕಾಡುಗಳಿಗೆ ಹೊರಟುಬಿಡುತ್ತದೆ. ಅಕ್ಟೋಬರಿನಲ್ಲಿ ಹೋಗಿ ಮಾರ್ಗದರ್ಶಿಯನ್ನು ಬೈದರೆ ಪ್ರಯೋಜನವಿಲ್ಲ. ಕೊಕ್ಕಿನ ಬುಡದಿಂದ ಮೂರು ಕಪ್ಪು ಬಳ್ಳಿಗಳು ಜೋತುಬಿದ್ದ ಗಂಟೆಹಕ್ಕಿ ಕೂಗುವುದೂ ಇದೇ ತಿಂಗಳುಗಳಲ್ಲಿ. ಅರ್ಧ ಮೈಲಿ ಆಚೆಗೂ ಅದರ ಸದ್ದು ಕೇಳುತ್ತದೆ.

ಮಾರ್ಗದರ್ಶಿಗೆ ಕೊಡುವ ದುಡ್ಡಿನಲ್ಲಿ ಮಾತ್ರ ಜಿಪುಣತನ ಬೇಡ. ಕೋಣೆಯಲ್ಲಿ ಒಂದು ದರ್ಜೆ ಇಳಿಸಿ, ಉಳಿದ ಹಣವನ್ನು ಸ್ಥಳೀಯ ಮಾರ್ಗದರ್ಶಿಗೆ ಕೊಡಿ. ಅವರ ಬಳಿ ಸ್ಟ್ಯಾಂಡಿನ ಮೇಲೆ ನಿಲ್ಲಿಸುವ ದೂರದರ್ಶಕ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ ಯಾವ ಮರದಲ್ಲಿ ಈ ವಾರ ಹಣ್ಣಿದೆ ಎಂಬ ಸುದ್ದಿ ಇರುತ್ತದೆ. ರಾತ್ರಿ ನಡಿಗೆಯೂ ಅವರ ಜೊತೆಗೇ. ಎಲೆಯ ಅಡಿಯಲ್ಲಿ ಮಲಗಿದ ಪುಟ್ಟ ಹಕ್ಕಿ, ಬಿಲದ ಬಾಯಲ್ಲಿ ಕುಳಿತ ಟರಾಂಟುಲಾ ಜೇಡ, ಕೊಂಬೆಗೆ ಸುತ್ತಿಕೊಂಡ ಹಸಿರು ಮಂಡಲದ ಹಾವು, ಇವನ್ನೆಲ್ಲ ಟಾರ್ಚು ಹಿಡಿದು ಒಬ್ಬರೇ ಹುಡುಕಲು ಹೊರಡುವುದು ಜಾಣತನವಲ್ಲ. ತಂತಿಗೆ ಜೋತುಬಿದ್ದು ಮರಗಳ ಮೇಲೆ ಜಾರುವ ಆಟ ಈ ಊರಿನಲ್ಲಿ 1990ರ ದಶಕದಿಂದ ದೊಡ್ಡ ಉದ್ಯಮ. ಮಕ್ಕಳಿಗೆ ಖುಷಿ, ಆಡಲಿ. ಆದರೆ ಕಿರುಚಿಕೊಂಡು ಕಾಡು ದಾಟಿದವರು ಕಾಡು ನೋಡಿದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ಬೇರೆ ದಿನ, ಬೇರೆ ತಾಣ ಇಟ್ಟುಕೊಳ್ಳಿ.

ಇಷ್ಟೊಂದು ಕಾಡು ಉಳಿದ ಕತೆ ತಿಳಿದು ಹೋದರೆ ನಡಿಗೆಗೆ ಇನ್ನೊಂದು ರುಚಿ ಬರುತ್ತದೆ. ಅಮೆರಿಕದ ಅಲಬಾಮಾ ರಾಜ್ಯದ ಫೇರ್‌ಹೋಪ್ ಎಂಬ ಊರಿನಲ್ಲಿ ಕ್ವೇಕರ್ ಪಂಥದ ಕೆಲವು ಕುಟುಂಬಗಳಿದ್ದವು. ಯುದ್ಧ ಅವರ ಧರ್ಮಕ್ಕೆ ಒಪ್ಪದ ಸಂಗತಿ. ಸೇನೆಗೆ ಹೆಸರು ನೋಂದಾಯಿಸಲು ಒಪ್ಪದ ನಾಲ್ವರು ಯುವಕರಿಗೆ 1949ರಲ್ಲಿ ಸೆರೆವಾಸವಾಯಿತು. ಸೈನ್ಯವಿಲ್ಲದ ನಾಡು ಹುಡುಕಿ ಹೊರಟವರಿಗೆ ಸಿಕ್ಕಿದ್ದು ಕೋಸ್ಟರಿಕಾ. ಅದು 1948ರ ಡಿಸೆಂಬರಿನಲ್ಲಷ್ಟೇ ತನ್ನ ಸೈನ್ಯವನ್ನು ವಿಸರ್ಜಿಸಿತ್ತು. 1951ರಲ್ಲಿ ಬೆಟ್ಟದ ಮೇಲೆ ಜಮೀನು ಕೊಂಡು, ಹಸಿರುಬೆಟ್ಟ ಎಂಬರ್ಥದ ಹೆಸರಿಟ್ಟು, ಹಸು ಸಾಕಿದರು. ಕೆಟ್ಟ ರಸ್ತೆಯಲ್ಲಿ ಹಾಲು ಪೇಟೆ ಮುಟ್ಟುವಷ್ಟರಲ್ಲಿ ಹಾಳಾಗುವುದರಿಂದ 1953ರಲ್ಲಿ ಚೀಸ್ ಕಾರ್ಖಾನೆ ತೆರೆದರು. ಹುಲ್ಲುಗಾವಲಿಗಾಗಿ ಕಾಡು ಕಡಿದದ್ದೂ ಅವರೇ, ಊರಿಗೆ ನೀರು ಬೇಕೆಂದು ಜಮೀನಿನ ಮೇಲ್ಭಾಗವನ್ನು, ಸುಮಾರು ಮೂರನೇ ಒಂದು ಪಾಲನ್ನು, ಕಡಿಯದೆ ಬಿಟ್ಟದ್ದೂ ಅವರೇ. ಆಗ ಯಾರ ಬಾಯಲ್ಲೂ ಪರಿಸರ ಎಂಬ ಮಾತಿರಲಿಲ್ಲ. ಇದ್ದದ್ದು ನೀರಿನ ಚಿಂತೆ. 1972ರಲ್ಲಿ ಜಾರ್ಜ್ ಪೊವೆಲ್ ಎಂಬ ಜೀವವಿಜ್ಞಾನದ ಸಂಶೋಧಕನೂ ವಿಲ್ಫೋರ್ಡ್ ಗಿಂಡನ್ ಎಂಬ ಕ್ವೇಕರ್ ರೈತನೂ ಸೇರಿ ಮೀಸಲು ಅರಣ್ಯಕ್ಕೆ ಅಡಿಪಾಯ ಹಾಕಿದರು. ಸೆರೆಮನೆ ಕಂಡ ಆ ನಾಲ್ವರಲ್ಲಿ ಗಿಂಡನ್ ಒಬ್ಬ. ಮೀಸಲು ಅರಣ್ಯ ಶುರುವಾಗುವ ಮೊದಲು ಆತ ಮರ ಕೊಯ್ಯುವ ಯಂತ್ರ ಮಾರುತ್ತಿದ್ದ. ಮುಂದೆ ದಶಕಗಳ ಕಾಲ ಅದೇ ಕಾಡಿನ ಕಾವಲುಗಾರನಾಗಿ, ಕಾಲುದಾರಿ ಕಡಿಯುವವನಾಗಿ ಬದುಕಿದ. 1987ರಲ್ಲಿ ಸ್ವೀಡನ್ನಿನ ಶಾಲೆಯೊಂದರ ಪುಟ್ಟ ಮಕ್ಕಳು ಕೂಡಿಸಿದ ಹಣದಿಂದ ಶುರುವಾದ ‘ಮಕ್ಕಳ ಶಾಶ್ವತ ಕಾಡು’ ಇವತ್ತು 22,000 ಹೆಕ್ಟೇರಿಗೂ ಮೀರಿ ಬೆಳೆದು, ದೇಶದ ಅತಿ ದೊಡ್ಡ ಖಾಸಗಿ ಅರಣ್ಯವಾಗಿದೆ. ಸಾನ್ ಹೆರಾರ್ಡೋ ಕೇಂದ್ರ ಇರುವುದು ಅದರೊಳಗೇ.

ಈಗ ಮಂಜಿನ ದೂರಿಗೆ ಬರೋಣ, ಒಂದು ಕಪ್ಪೆಯ ಕತೆಯ ಮೂಲಕ. ಮೊಂಟೆವೆರ್ಡೆಯ ನೆತ್ತಿಯ ಮೇಲೆ ಕೆಲವೇ ಚದರ ಕಿಲೋಮೀಟರ್ ಜಾಗದಲ್ಲಿ ಮಾತ್ರ ಇದ್ದ ಒಂದು ಕಪ್ಪೆ, ಚಿನ್ನದ ಕಪ್ಪೆ ಎಂದೇ ಹೆಸರು. ಗಂಡು ಇಡೀ ಮೈ ಕಿತ್ತಳೆ ಬಣ್ಣ. ಜೇ ಸಾವೇಜ್ ಎಂಬ ವಿಜ್ಞಾನಿ ಅದನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು 1966ರಲ್ಲಿ. ವರ್ಷದ ಬಹುಭಾಗ ನೆಲದೊಳಗೆ ಅಡಗಿದ್ದು, ಮೊದಲ ಮಳೆಗೆ ಮರದ ಬೇರುಗಳ ನಡುವಿನ ಗುಂಡಿಗಳಲ್ಲಿ ಮೊಟ್ಟೆಯಿಡಲು ಹೊರಬರುತ್ತಿತ್ತು. 1987ರಲ್ಲಿ 1,500ಕ್ಕೂ ಹೆಚ್ಚು ಕಪ್ಪೆಗಳು ಕಂಡಿದ್ದವು. 1989ರ ಮೇ 15ರಂದು ಕಂಡದ್ದು ಒಂದೇ ಒಂದು ಗಂಡು, ಆಮೇಲೆ ಒಂದೂ ಇಲ್ಲ. ಅದೊಂದೇ ಅಲ್ಲ, ಅಲ್ಲಿನ 30 ಚದರ ಕಿಲೋಮೀಟರ್ ಅಧ್ಯಯನ ಪ್ರದೇಶದಲ್ಲಿದ್ದ 50 ಜಾತಿಯ ಕಪ್ಪೆಗಳಲ್ಲಿ 20 ಕಣ್ಮರೆಯಾದವು. ಕಪ್ಪೆಗಳ ಚರ್ಮಕ್ಕೆ ತಗಲುವ ಶಿಲೀಂಧ್ರ ರೋಗದ ಪಾಲು ಎಷ್ಟು, ಒಣಹವೆಯ ಪಾಲು ಎಷ್ಟು ಎಂಬ ವಾದ ವಿಜ್ಞಾನಿಗಳಲ್ಲಿ ನಡೆದೇ ಇದೆ. ಆದರೆ ಅಲನ್ ಪೌಂಡ್ಸ್ ಮತ್ತು ಜೊತೆಗಾರರು 1999ರಲ್ಲಿ ತೋರಿಸಿಕೊಟ್ಟ ಒಂದು ಸಂಗತಿ ಪ್ರವಾಸಿಗೆ ನೇರ ಸಂಬಂಧಿಸಿದ್ದು: 1970ರ ದಶಕದಿಂದೀಚೆಗೆ ಒಣಗಾಲದಲ್ಲಿ ಮಂಜಿಲ್ಲದ ದಿನಗಳು ಏರುತ್ತಿವೆ, ಮೋಡ ಕಟ್ಟುವ ಮಟ್ಟ ಮೇಲಕ್ಕೆ ಸರಿಯುತ್ತಿದೆ ಎಂಬ ಸೂಚನೆ. ತಗ್ಗಿನ ಕಾಡಿನ ಟೂಕನ್ ಹಕ್ಕಿ ಮೇಲೆ ಬಂದು ಕ್ವೆಟ್ಜಾಲ್‌ನ ನೆರೆಯಲ್ಲೇ ಗೂಡು ಕಟ್ಟತೊಡಗಿದೆ. ಬೆಟ್ಟಕ್ಕೆ ಒಂದು ನೆತ್ತಿ ಇದೆ, ಮೋಡ ಅದನ್ನೂ ದಾಟಿ ಏರಿದರೆ ಕಾಡಿಗೆ ಹೋಗಲು ಮುಂದೆ ಜಾಗವಿಲ್ಲ. ಆಕಾಶ ತಿಳಿಯಾಗಲಿ ಎಂಬ ಪ್ರವಾಸಿಯ ಹರಕೆ ಹೆಚ್ಚುಹೆಚ್ಚು ಈಡೇರುತ್ತಿರುವುದೇ ಆ ಕಾಡಿನ ಸಂಕಟ.

ಆದ್ದರಿಂದ ಒಂದು ರಾತ್ರಿಯ ಲೆಕ್ಕ ಬಿಡಿ. ಮೂರು ರಾತ್ರಿ ಇಟ್ಟುಕೊಂಡರೆ ಒಂದು ದಿನ ಮಂಜು ಬಂದರೂ ಮನಸ್ಸು ಕೆಡುವುದಿಲ್ಲ. ಆ ದಿನವೇ ಪಾಚಿ, ಆರ್ಕಿಡ್, ಹನಿಯ ಸದ್ದು ನಿಮ್ಮವು. ಹಕ್ಕಿಗೆ ಉಳಿದೆರಡು ದಿನ. ಮಂಜಿನ ದಿನವೂ ಮೀಸಲು ಅರಣ್ಯದ ಬಾಗಿಲ ಬಳಿ ಸಿಹಿನೀರಿನ ಬಟ್ಟಲುಗಳಿಗೆ ಝೇಂಕರಿಸುತ್ತ ಮುತ್ತುವ ಪುಟಾಣಿ ಹಮ್ಮಿಂಗ್‌ಬರ್ಡ್‌ಗಳು ಕೈಯಳತೆಯಲ್ಲಿ ಸಿಗುತ್ತವೆ.

ಗಂಟು ಕಟ್ಟುವಾಗ ಜೀನ್ಸ್ ಮನೆಯಲ್ಲೇ ಇರಲಿ. ನೆನೆದ ಜೀನ್ಸ್ ನೀವು ಊರು ಬಿಡುವ ತನಕ ಒಣಗುವುದಿಲ್ಲ. ತೆಳು ಕೃತಕ ನೂಲಿನ ಪ್ಯಾಂಟು, ಉಣ್ಣೆಯ ಸ್ವೆಟರು, ಟೊಪ್ಪಿಗೆಯಿರುವ ಗಟ್ಟಿ ಮಳೆಕೋಟು, ಕಾಲುಚೀಲ ಎಣಿಸಿದ್ದಕ್ಕಿಂತ ಎರಡು ಜೊತೆ ಹೆಚ್ಚು. ರಬ್ಬರ್ ಬೂಟನ್ನು ಹಲವು ವಸತಿಗಳು, ಕಾಡಿನ ಕಚೇರಿಗಳು ಬಾಡಿಗೆಗೆ ಕೊಡುತ್ತವೆ, ನಿಮ್ಮ ಅಳತೆ ಇದೆಯೇ ಎಂದು ಮೊದಲೇ ಕೇಳಿ. ಕ್ಯಾಮೆರಾ, ದುರ್ಬೀನುಗಳಿಗೆ ಬೂಷ್ಟು ಹಿಡಿಯದಂತೆ ಗಾಳಿಯಾಡದ ಚೀಲ, ಅದರೊಳಗೆ ಸಿಲಿಕಾ ಪೊಟ್ಟಣ. ದುರ್ಬೀನು ಕೊಳ್ಳುವುದಾದರೆ ಎಂಟು ಪಟ್ಟಿನದು ಸಾಕು. ಹನ್ನೆರಡು ಪಟ್ಟಿನದು ಮಬ್ಬು ಬೆಳಕಿನಲ್ಲಿ, ನಡುಗುವ ಕೈಯಲ್ಲಿ ಕೆಲಸಕ್ಕೆ ಬಾರದು. ವಿದ್ಯುತ್ತು 120 ವೋಲ್ಟ್, ಚಪ್ಪಟೆ ಕಡ್ಡಿಯ ಅಮೆರಿಕದ ಪ್ಲಗ್. ಊರಿನಿಂದ ಒಯ್ದ ಹೇರ್ ಡ್ರೈಯರ್ ಅಲ್ಲಿ ನಿಟ್ಟುಸಿರಷ್ಟೇ ಬಿಡುತ್ತದೆ. ಮಲೆನಾಡಿನವರಿಗೊಂದು ಶುಭಸುದ್ದಿ: ಇಂಬಳದ ಕಾಟ ಅಲ್ಲಿಲ್ಲ. ಹುಲ್ಲುಗಾವಲಿನಲ್ಲಿ ಉಣುಗು ಹತ್ತಬಹುದು, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿದರೆ ಆಯಿತು. ಎತ್ತರದ ಬೇನೆಯ ಭಯವೂ ಬೇಡ. ಈಕ್ವೆಡಾರಿನ ಮೋಡದ ಕಾಡುಗಳಿಗೆ ಹೋಗುವವರು ಮೊದಲು 2,850 ಮೀಟರ್ ಎತ್ತರದ ಕೀಟೋ ನಗರದಲ್ಲಿ ಇಳಿದು ತಲೆನೋವು ಅನುಭವಿಸುವುದುಂಟು, ಇಲ್ಲಿ ಅದಿಲ್ಲ.

ಊಟದ ಚಿಂತೆ ನಮ್ಮ ಸಸ್ಯಾಹಾರಿಗಳಿಗೆ ಇರುವಷ್ಟು ಅಗತ್ಯವಿಲ್ಲ. ಅನ್ನ ಮತ್ತು ಕಪ್ಪು ಬೀನ್ಸ್ ಕಾಳು ಬೆರೆಸಿ ಹುರಿದ ಗಾಯೋ ಪಿಂಟೋ ಅಲ್ಲಿನ ಬೆಳಗಿನ ತಿಂಡಿ. ಮಧ್ಯಾಹ್ನದ ಕಸಾಡೋದಲ್ಲಿ ಅನ್ನ, ಕಾಳು, ಬಾಳೆಹಣ್ಣಿನ ಹುರಿ, ಸಲಾಡ್ ಇರುತ್ತವೆ, ಮಾಂಸ ಬೇಡವೆಂದರೆ ಬಿಡುತ್ತಾರೆ. ಕೇಳಲೇಬೇಕಾದದ್ದು ಕಾಳು ಬೇಯಿಸುವಾಗ ಹಂದಿ ಕೊಬ್ಬು ಹಾಕಿದ್ದಾರೆಯೇ ಎಂದು. ‘ಸಿನ್ ಮಾಂತೇಕಾ’ ಎಂದರೆ ಅವರಿಗೆ ತಿಳಿಯುತ್ತದೆ. ಉಪ್ಪಿನಕಾಯಿ ಬಾಟಲಿಯನ್ನು ನೀವು ಹೇಗೂ ಒಯ್ಯುತ್ತೀರಿ. ನಲ್ಲಿ ನೀರು ಕುಡಿಯಬಹುದು. ಕಾಫಿಯನ್ನು ಬಟ್ಟೆಯ ಚೀಲದಲ್ಲಿ ಸೋಸಿ ಕೊಡುವುದು ಹಳೆಯ ಮನೆಗಳಲ್ಲಿ ಇನ್ನೂ ಇದೆ. ಚಿಕೋರಿ ಇಲ್ಲ, ರೊಬಸ್ಟಾ ಮಾತಂತೂ ದೂರ: 1989ರಿಂದ 2018ರವರೆಗೆ ಆ ದೇಶದಲ್ಲಿ ರೊಬಸ್ಟಾ ಬೆಳೆಯುವುದೇ ಕಾನೂನಿಗೆ ವಿರುದ್ಧವಾಗಿತ್ತು. ಕೊಡಗಿನ ಬೆಳೆಗಾರರು ಕೇಳಿ ನಗಬಹುದು.

ದಾರಿಯದೊಂದು ಮಾತು. ರಾಜಧಾನಿ ಸಾನ್ ಹೋಸೆಯಿಂದ ಸುಮಾರು 140 ಕಿಲೋಮೀಟರ್, ಮೂರರಿಂದ ನಾಲ್ಕು ಗಂಟೆ. ಸಾಂತಾ ಎಲೆನಾ ತನಕ ಡಾಂಬರು ಬಂದು ಹೆಚ್ಚು ಕಾಲವಾಗಿಲ್ಲ. ರಸ್ತೆ ಸುಗಮವಾದರೆ ಜನ ಬೆಳಗ್ಗೆ ಬಂದು ಸಂಜೆ ಹೋಗಿಬಿಡುತ್ತಾರೆ ಎಂಬ ಅಂಜಿಕೆ ಊರಿನಲ್ಲಿ ಬಹಳ ಕಾಲ ಇತ್ತು, ಅಂಜಿಕೆ ತಪ್ಪಲ್ಲ. ವರ್ಷವಿಡೀ ಐದೂವರೆ ಆರಕ್ಕೆ ಕತ್ತಲಾಗುತ್ತದೆ, ಮಂಜಿನಲ್ಲಿ ತಿರುವುಗಳು ಕಾಣುವುದಿಲ್ಲ. ಮಧ್ಯಾಹ್ನ ನಾಲ್ಕರೊಳಗೆ ಕೋಣೆ ಸೇರುವಂತೆ ಹೊರಡಿ. ಭಾರತದ ಪಾಸ್‌ಪೋರ್ಟಿನವರಿಗೆ ವೀಸಾ ಬೇಕು. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಉಳ್ಳವರಿಗೆ ವಿನಾಯಿತಿ ಸಿಗುತ್ತ ಬಂದಿದೆಯಾದರೂ ಅದಕ್ಕೆ ಷರತ್ತುಗಳಿವೆ, ಬದಲಾಗುತ್ತಲೂ ಇರುತ್ತವೆ. ಟಿಕೆಟ್ ಕೊಳ್ಳುವ ಮುನ್ನ ದೆಹಲಿಯ ಕೋಸ್ಟರಿಕಾ ರಾಯಭಾರ ಕಚೇರಿಯನ್ನೇ ಕೇಳಿಕೊಳ್ಳುವುದು ಕ್ಷೇಮ, ಏಜೆಂಟರ ಬಾಯಿಮಾತು ಸಾಲದು.

ಕೊನೆಗೊಂದು ಕೋರಿಕೆ. ಮೂರು ದಿನಗಳಲ್ಲಿ ಒಂದನ್ನು ಸಾಂತಾ ಎಲೆನಾ ಮೀಸಲು ಅರಣ್ಯಕ್ಕೆ ಕೊಡಿ. ಮೊಂಟೆವೆರ್ಡೆಗಿಂತ ಚಿಕ್ಕದು, ಇನ್ನೂ ಎತ್ತರದ್ದು, ಇನ್ನೂ ಒದ್ದೆ, ಜನ ಕಡಿಮೆ. 1992ರಲ್ಲಿ ತೆರೆದ ಆ ಕಾಡನ್ನು ನೋಡಿಕೊಳ್ಳುವುದು ಊರಿನ ಪ್ರೌಢಶಾಲೆ. ನೀವು ಕೊಡುವ ಪ್ರವೇಶದ ಹಣ ಆ ಶಾಲೆಗೂ ಕಾಡಿಗೂ ಹೋಗುತ್ತದೆ.